ಲಾಪ್ರಿದಾ ಹಾದಿಯಲ್ಲಿ ಎರಡು ಕುದುರೆ

ತೊರ್ನ್‌ಕ್ವಿಸ್ಟ್, ಬೆಟ್ಟದ ಕೆಳಗಿನ ಮನೆ
3 ಆಗಸ್ಟ್ 1987

ಲೋ ಬಾಲ್ದೊ,

ಹನ್ನೊಂದು ವರ್ಷದಿಂದ ನಿನಗೆ ಒಂದು ಗೆರೆ ಬರೆದವಳಲ್ಲ. ಇವತ್ತೂ ಬರೀಬಾರದು ಅಂತಲೇ ಇದ್ದೆ. ಆದ್ರೆ ಹೊಟ್ಟೆಯಲ್ಲಿ ಇಟ್ಟುಕೊಳ್ಳೋಕೆ ಆಗ್ತಿಲ್ಲ ಕಣೋ. ನನ್ನ ಗಂಡ ಸಿರಿಯಾಕೊಗೆ ಹೇಳಿದೆ. "ಹೌದಾ" ಅಂದು ಕುರಿ ಮೇಯಿಸೋಕೆ ಹೋದ. ಇದರ ಬೆಲೆ ತಿಳಿಯೋನು ಈ ಭೂಮಿ ಮೇಲೆ ನೀನೊಬ್ಬನೇ, ಏನು ಮಾಡ್ಲಿ?

ಇವತ್ತು ಬೆಳಗ್ಗೆ ನಾನು ಅವಳ ಬೆನ್ನೇರಿದೆ!

ಮೇ ತಿಂಗಳಲ್ಲಿ ದನದ ಲಾರಿಯಲ್ಲಿ ಹಾಕಿ ಕಳಿಸಿದೆಯಲ್ಲ, ಅವಳೇ. ಜೊತೆಗೊಂದು ಚೀಟಿ: "ಅಪ್ಪನ ಹಳೇ ಹೆಣ್ಣುಕುದುರೆ ಸತ್ತಿತು. ಅದರ ಮರಿ ಎರಡು ಉಳಿದಿವೆ. ಗಂಡು ನನಗೆ, ಹೆಣ್ಣು ನಿನಗೆ. ಕಚ್ಚುತ್ತೆ, ಒದೆಯುತ್ತೆ. ಬೇಡವಾದ್ರೆ ಕಟುಕರಿಗೆ ಕೊಡು." ಹನ್ನೊಂದು ವರ್ಷಕ್ಕೆ ತಮ್ಮನಿಂದ ಬಂದದ್ದು ಇಷ್ಟು ಮಾತು! ಇರಲಿ.

ಅವಳಿಗೆ ತೊರ್ಕಾಸಾ ಅಂತ ಹೆಸರಿಟ್ಟಿದೀನಿ. ಕಾಡುಪಾರಿವಾಳದ ಬಣ್ಣ ನೋಡು, ಅದಕ್ಕೆ. ಪಕ್ಕದ ಮನೆ ಕಯುಪಾನ್ ಅಜ್ಜ ಇದಾನಲ್ಲ, ಇಲ್ಲಿನ ಮೂಲನಿವಾಸಿ ರಾಂಕೆಲ್ ಕುಲದ ಮುದುಕ, ಅವನು ಬೇಲಿ ಮೇಲೆ ಕೂತು ಹೇಳಿಕೊಟ್ಟ. ಹಗ್ಗ ಎಸೀಲಿಲ್ಲ, ಕೆಡವಲಿಲ್ಲ, ಕಣ್ಣಿಗೆ ಬಟ್ಟೆ ಕಟ್ಟಲಿಲ್ಲ. ಮೊದಲ ವಾರ ನಾನು ಸುಮ್ಮನೆ ಅಂಗಳದ ನಡುವೆ ಮುಕ್ಕಾಲಿ ಹಾಕ್ಕೊಂಡು ಕೂತೆ. ಆಮೇಲೆ ಕುರಿಯ ತುಪ್ಪಟದಲ್ಲಿ ಮೈ ಉಜ್ಜಿದೆ. ಕಿವಿ, ಹೊಟ್ಟೆ, ತೊಡೆಸಂದು, ಎಲ್ಲಾ ಕಡೆ. ಅವಳಿಗೇ ಬೇಜಾರು ಬಂದು ಆಕಳಿಸೋವರೆಗೆ. ಇವತ್ತು ಅವಳ ಬೆನ್ನ ಮೇಲೆ ಮೊದಲು ಅಡ್ಡಡ್ಡ ಮಲಗಿದೆ, ಹಿಟ್ಟಿನ ಮೂಟೆ ಹಾಗೆ. ಆಮೇಲೆ ಕಾಲು ಆ ಕಡೆ ಹಾಕಿದೆ. ಬಾಯಲ್ಲಿ ಕಬ್ಬಿಣ ಇಲ್ಲ, ಬೆನ್ನ ಮೇಲೆ ಜೀನಿಲ್ಲ. ತಿರುಗಿ ನನ್ನ ಬೂಟು ಮೂಸಿದಳು. ಅಷ್ಟೇ! ಅರವತ್ತೆರಡನೇ ವಯಸ್ಸಿಗೆ, ಬಾಲ್ದೊ!

"ಹೆಂಗಸರ ಕೈ ತಾಗಿದ್ರೆ ಕುದುರೆ ಹಾಳಾಗುತ್ತೆ" ಅಂತ ಅಪ್ಪ ನನ್ನ ಬೇಲಿಯಿಂದ ಇಳಿಸಿದ್ದು ಜ್ಞಾಪಕ ಇದೆಯಾ? ನೀನು ಹತ್ತು ವರ್ಷದವನು, ಹಲ್ಲು ಬಿಟ್ಟು ನಗ್ತಿದ್ದೆ. ಈಗ ನಗು ನೋಡೋಣ.

ನಿನ್ನಕ್ಕ,
ಎತೆಲ್ವಿನಾ

⁂

ತಾಂದಿಲ್
21 ಆಗಸ್ಟ್ 1987

ಎತೆಲ್ವಿನಾ ಅಕ್ಕನಿಗೆ,

ಕಾಗದ ಬಂತು. ಎರಡು ಸಲ ಓದಿದೆ. ಮೊದಲನೇ ಸಲ ನಗು ಬಂತು, ಎರಡನೇ ಸಲ ಸಿಟ್ಟು ಬಂತು.

ನಾನು ನಲವತ್ತು ವರ್ಷದಿಂದ ಕುದುರೆ ಪಳಗಿಸುತ್ತಿದ್ದೇನೆ. ಪೊಲೀಸರು ನನ್ನ ಕುದುರೆ ಹತ್ತುತ್ತಾರೆ. ದೊಡ್ಡ ದೊಡ್ಡ ಜಮೀನಿನವರು ಕಣ್ಣು ಮುಚ್ಚಿಕೊಂಡು ತಮ್ಮ ಕುದುರೆಗಳನ್ನು ನನ್ನ ಹತ್ತಿರ ಬಿಡುತ್ತಾರೆ. ನೀನು ಒಂದು ಹೆಣ್ಣುಕುದುರೆಯನ್ನು ಬೆಕ್ಕಿನ ಮರಿ ಮಾಡಿಕೊಂಡು ನನಗೆ ಪಾಠ ಹೇಳುತ್ತಿದ್ದೀಯ. ನಿನ್ನ ಬೂಟು ಮೂಸಿತಂತೆ. ನಮ್ಮ ನಾಯಿಯೂ ಮೂಸುತ್ತೆ.

ಒಂದು ಮಾತು ಕೇಳು. ನಾನು ಪಳಗಿಸಿದ ಕುದುರೆ ನನ್ನ ಹತ್ತಿರ ಇರುವುದಿಲ್ಲ. ನಾಳೆ ಅದನ್ನು ಕುಡುಕ ಹತ್ತುತ್ತಾನೆ, ಅವಸರದವನು ಹತ್ತುತ್ತಾನೆ, ಏನೂ ತಿಳಿಯದ ಯಜಮಾನನ ಮಗಳು ಹತ್ತುತ್ತಾಳೆ. ಅವರ್ಯಾರಿಗೂ ಕುರಿತುಪ್ಪಟದಲ್ಲಿ ಹೊಟ್ಟೆ ಉಜ್ಜುವ ಪುರುಸೊತ್ತಿಲ್ಲ. ಗೂಟಕ್ಕೆ ಕಟ್ಟಿ, ಎಳೆದಾಡಿ, ಸುಸ್ತಾಗುವವರೆಗೆ ಓಡಿಸಿದ ಕುದುರೆಗೆ ಒಂದು ವಿಷಯ ಗೊತ್ತಿರುತ್ತೆ: ಮನುಷ್ಯ ಬೆನ್ನೇರಿದ ಮೇಲೆ ಮಾತು ಮುಗಿಯಿತು. ನಾಲ್ಕು ದಿನದ ಕಷ್ಟ, ಇಪ್ಪತ್ತು ವರ್ಷದ ಸುಖ. ನಿನ್ನ ಮುದ್ದಿನ ಕುದುರೆ ನಿನ್ನನ್ನು ಬಿಟ್ಟು ಇನ್ಯಾರ ಮಾತು ಕೇಳುತ್ತೆ?

ಅಪ್ಪನ ಕಾಲದಿಂದ ನನ್ನ ಅಂಗಳದಲ್ಲಿರುವ ಗೂಟವನ್ನು ಆಡಿಕೊಳ್ಳಬೇಡ. ಅದೇ ಗೂಟಕ್ಕೆ ಕಟ್ಟಿದ ಕರಿಯ ಕುದುರೆಯ ಹಗ್ಗವನ್ನು ಹನ್ನೊಂದು ವರ್ಷದ ಹಿಂದೆ, ಮೂರು ಜನ ಯಜಮಾನರ ಎದುರಿಗೆ, ನೀನು ಚಾಕುವಿನಿಂದ ಕೊಯ್ದೆ. "ಇವನು ಪಳಗಿಸೋನಲ್ಲ, ಕಟುಕ" ಅಂದೆ. ಆ ಮೂವರಲ್ಲಿ ಇಬ್ಬರು ಆಮೇಲೆ ನನ್ನ ಬಾಗಿಲಿಗೆ ಬರಲಿಲ್ಲ.

ಬಾಯಿ ಬಡಾಯಿ ಸಾಕು. ಅಕ್ಟೋಬರ್ 31, ಶನಿವಾರ. ಲಾಪ್ರಿದಾ ರೈಲು ನಿಲ್ದಾಣದ ಎದುರು ಒಂದು ಅಂಗಡಿ ಇದೆ, ನಮ್ಮಿಬ್ಬರ ಮನೆಗೂ ಹೆಚ್ಚುಕಡಿಮೆ ಅರ್ಧ ದಾರಿ. ನೀನು ಆ ಕಡೆಯಿಂದ ತಂಗಿ ಕುದುರೆಯನ್ನು ಹತ್ತಿ ಬಾ, ನಾನು ಈ ಕಡೆಯಿಂದ ಅದರ ಅಣ್ಣನನ್ನು, ನನ್ನ ಕಂದು ಗಂಡನ್ನು, ಹತ್ತಿ ಬರುತ್ತೇನೆ. ಒಂದೇ ತಾಯಿ, ಒಂದೇ ತಂದೆ, ಒಂದೇ ವರ್ಷದ ಅಂತರ. ಕಂದು ಕುದುರೆಯನ್ನು ನಾನಿನ್ನೂ ಮುಟ್ಟಿಲ್ಲ. ಬರುವ ತಿಂಗಳು ಶುರು ಮಾಡುತ್ತೇನೆ.

ಆ ದಿನ ಕುದುರೆ ಬೆನ್ನ ಮೇಲೆ ಅಲ್ಲಿಗೆ ತಲುಪದವರು ಸೋತ ಹಾಗೆ. ನಾನು ಸೋತರೆ ನನ್ನ ಅಂಗಳದ ಗೂಟ ಕೀಳುತ್ತೇನೆ. ನೀನು ಸೋತರೆ ಇಲ್ಲಿಗೆ ಬಂದು, ಆವತ್ತು ನೋಡಿದವರ ಎದುರಿಗೇ ತಪ್ಪಾಯಿತು ಅನ್ನಬೇಕು.

ಬಲ್ದೊಮೆರೊ

⁂

ತೊರ್ನ್‌ಕ್ವಿಸ್ಟ್
5 ಸೆಪ್ಟೆಂಬರ್

ಲೋ ಗೂಟದ ದೊರೆ,

ಒಪ್ಪಿದೆ! ಒಪ್ಪಿದೆ! ಒಪ್ಪಿದೆ! ನಿನ್ನ ಕಾಗದ ಓದಿ ಮುಗಿಸೋ ಹೊತ್ತಿಗೆ ನನ್ನ ಕಾಲು ಆಗಲೇ ಜೀನಿನ ರಿಕಾಪು ಹುಡುಕ್ತಿತ್ತು. ಸಿರಿಯಾಕೊ "ನೂರೈವತ್ತು ಕಿಲೋಮೀಟರ್, ನಿನ್ನ ಸೊಂಟ ಏನಾಗಬೇಕು?" ಅಂದ. "ಸೊಂಟ ನಂದು, ನಿಂಗ್ಯಾಕೆ ನೋವು?" ಅಂದೆ.

ನಿನ್ನ ವಾದಕ್ಕೆ ಉತ್ತರ ಇಲ್ಲಿದೆ. ನಾಲ್ಕು ದಿನದ ಕಷ್ಟ ಅಂತೀಯ. ಆ ನಾಲ್ಕು ದಿನ ಕುದುರೆ ಮರೆಯುತ್ತೆ ಅಂತ ನಿನಗೆ ಯಾರು ಹೇಳಿದ್ರು? ಕಯುಪಾನ್ ಅಜ್ಜನ ಮಾತು: "ಹೆದರಿದ ಕುದುರೆ ನಿನಗೆ ಬೆನ್ನು ಕೊಡುತ್ತೆ, ಕಿವಿ ಕೊಡಲ್ಲ." ನೀನು ಎರಡು ಸಾವಿರ ಬೆನ್ನು ಗೆದ್ದಿದೀಯ ಕಣೋ. ಒಂದು ಕಿವಿನಾದ್ರೂ ಗೆದ್ದಿದೀಯಾ?

ಕಂದು ಕುದುರೆ ಹತ್ತಿರ ನೀನು ಹೋದಾಗ ಅದರ ಕಿವಿ ಯಾವ ಕಡೆ ತಿರುಗುತ್ತೆ, ಬರಿ. ಚಿಕ್ಕ ವಿಷಯ. ಆದ್ರೆ ಬರಿ.

ತೊರ್ಕಾಸಾ ಈಗ ಕುಣಿದಾಡ್ತಿದಾಳೆ. ಬಲಕ್ಕೆ ಅಂದ್ರೆ ಬಲಕ್ಕೆ, ಎಡಕ್ಕೆ ಅಂದ್ರೆ ಎಡಕ್ಕೆ. ನಾನು ಬರೀ ತೊಡೆ ಒತ್ತಿದ್ರೆ ಸಾಕು. ಲಾಪ್ರಿದಾ ಏನು, ಬ್ಯೂನಸ್ ಐರಿಸ್‌ಗೇ ಬರ್ತಾಳೆ.

ಎತೆಲ್ವಿನಾ

⁂

ತಾಂದಿಲ್
24 ಸೆಪ್ಟೆಂಬರ್

ಅಕ್ಕ,

ಕೆಲಸ ನಡೆದಿದೆ. ಕಂದು ಕುದುರೆ ಚೆನ್ನಾಗಿದೆ. ಕಿವಿ ಎರಡೂ ತಲೆಯ ಮೇಲೇ ಇವೆ.

ಅಕ್ಷರ ನೋಡಿ ನಗಬೇಡ. ಪೆನ್ನು ಸರಿಯಿಲ್ಲ.

31ಕ್ಕೆ ಬರುತ್ತೇನೆ.

ಬ.

⁂

ತೊರ್ನ್‌ಕ್ವಿಸ್ಟ್
4 ಅಕ್ಟೋಬರ್

ಬಾಲ್ದೊ,

ಪೆನ್ನು ಸರಿಯಿಲ್ವಂತೆ! ಏಡಿ ಕಾಗದದ ಮೇಲೆ ಓಡಾಡಿದ ಹಾಗಿದೆ ನಿನ್ನ ಅಕ್ಷರ. ಎಷ್ಟು ಬಾಟಲಿ ಆಗಿತ್ತಪ್ಪ? ಹೆದರಿಕೆಗೆ ಕುಡಿಯೋಕೆ ಶುರು ಮಾಡಿದೀಯ ಅಂತ ಕಾಣುತ್ತೆ. ನಿನ್ನ ಹೆಂಡ್ತಿ ನೆಲಿದಾಗೆ ಹೇಳು, ಬಾಟಲಿ ಬಚ್ಚಿಡಲಿ. ಕುಡುಕನನ್ನು ಸೋಲಿಸಿದ್ರೆ ನನಗೇನು ಮರ್ಯಾದೆ?

ಒಂದು ಸಣ್ಣ ವಿಷಯ ಕೇಳಬೇಕು. ನನ್ನದಲ್ಲ, ಇಲ್ಲಿ ಪಕ್ಕದೋರದ್ದು. ಅವರ ಹತ್ತಿರ ಒಂದು ಎಳೇ ಕುದುರೆ ಇದೆ. ಅಂಗಳದಲ್ಲಿ ಬಂಗಾರ. ಆದ್ರೆ ಊರಾಚೆ ಹಲಗೆ ಸೇತುವೆ ಬಂದ್ರೆ ನಿಂತುಬಿಡುತ್ತೆ. ಮುದ್ದು ಮಾಡಿದ್ರು, ಸಕ್ಕರೆ ತೋರಿಸಿದ್ರು, ಅರ್ಧ ಗಂಟೆ ಕಿವಿಯಲ್ಲಿ ಮಾತಾಡಿದ್ರು. ಹಿಂದಕ್ಕೇ ಹೋಗುತ್ತೆ. ಮೊನ್ನೆ ಹಾಗೇ ತಿರುಗಿ ಓಡಿ, ಹತ್ತಿದೋರನ್ನ ಮುಳ್ಳುಗಿಡಕ್ಕೆ ಎಸೆದು, ಒಂಟಿಯಾಗಿ ಮನೆಗೆ ಬಂತು. ಪಾಪ, ಅವರು ಬಹಳ ನೊಂದ್ಕೊಂಡಿದಾರೆ. ನಿನ್ನಂಥೋನು ಏನು ಮಾಡ್ತಿದ್ದೆ, ಸುಮ್ಮನೆ ಕುತೂಹಲಕ್ಕೆ ಕೇಳ್ದೆ.

ತೊರ್ಕಾಸಾ ಅದ್ಭುತವಾಗಿದಾಳೆ.

ಎತೆಲ್ವಿನಾ

⁂

ತಾಂದಿಲ್
13 ಅಕ್ಟೋಬರ್

ಅಕ್ಕ,

ಪಕ್ಕದ ಮನೆಯವರಿಗೆ ಹೇಳು.

ಸೇತುವೆ ಹತ್ತಿರ ಹೋಗಿ ಮುದ್ದು ಮಾಡಬೇಡಿ. ಕುದುರೆ ಏನು ತಿಳಿಯುತ್ತೆ? "ಇವಳೇ ಹೆದರಿದ್ದಾಳೆ, ಅದಕ್ಕೇ ಸಮಾಧಾನ ಹೇಳುತ್ತಿದ್ದಾಳೆ" ಅಂತ. ಕುದುರೆಯ ಕಣ್ಣು ನೋಡಬೇಡಿ, ಹಲಗೆ ನೋಡಬೇಡಿ. ಆ ದಡದ ಮೇಲೆ ಒಂದು ಮರ ಹುಡುಕಿ. ಆ ಮರಕ್ಕೆ ಹೋಗಲೇಬೇಕು ಅಂತ ನೀವು ಮೊದಲು ನಿರ್ಧಾರ ಮಾಡಿ. ಮನಸ್ಸಿನಲ್ಲಿ ಒಂದು ಕಿಂಡಿ ಇದ್ದರೂ ಕುದುರೆ ಆ ಕಿಂಡಿಯಿಂದಲೇ ಹೊರಗೆ ಓಡುತ್ತೆ. ಪ್ರೀತಿ ಬೇಡ ಅನ್ನುತ್ತಿಲ್ಲ. ಆದರೆ ಸೇತುವೆ ಮೇಲೆ ಕುದುರೆಗೆ ಬೇಕಾದದ್ದು ಯಜಮಾನ.

ಇನ್ನೊಂದು. ಆ ಕುದುರೆ ಹಗ್ಗ ಅಂದರೇನು ಅಂತ ಕಂಡಿರಲಿಕ್ಕಿಲ್ಲ. ದಾರಿಯಲ್ಲಿ ಬೇಲಿ ಇದೆ, ತಂತಿ ಇದೆ. ಕಾಲಿಗೆ ತಂತಿ ಸಿಕ್ಕಿದ ದಿನ ಜಗ್ಗಿ ಜಗ್ಗಿ ಮೂಳೆವರೆಗೆ ಕೊಯ್ದುಕೊಳ್ಳುತ್ತೆ. ದಿನಕ್ಕೆ ಒಂದು ಗಂಟೆ ಗಟ್ಟಿ ಗೂಟಕ್ಕೆ ಕಟ್ಟಲಿ. ಎಳೆದಾಡುವುದು ಬೇಡ, ಹೊಡೆಯುವುದು ಬೇಡ. ಬರೀ ಕಟ್ಟಿ ಬಿಡಲಿ. ಜಗ್ಗಿದರೆ ಬಿಗಿ, ನಿಂತರೆ ಸಡಿಲ. ಅದಾಗೇ ಕಲಿಯುತ್ತೆ. ಇದಕ್ಕೆ ಅವಸರ ಮಾಡಿದವನು ಕೆಟ್ಟ. ನನಗೆ ಈಚೆಗೆ ಸುಮ್ಮನೆ ಕೂತು ನೋಡುವುದಕ್ಕೆ ಸ್ವಲ್ಪ ಪುರುಸೊತ್ತು ಸಿಕ್ಕಿದೆ, ಅದಕ್ಕೆ ಇಷ್ಟುದ್ದ ಬರೆದೆ.

ಮುಳ್ಳುಗಿಡಕ್ಕೆ ಬಿದ್ದವರಿಗೆ ಪೆಟ್ಟು ಜೋರಾಗಿತ್ತೇ?

ಬಾಲ್ದೊ

⁂

ಲಾಪ್ರಿದಾ, ನಿಲ್ದಾಣದ ಎದುರಿನ ಅಂಗಡಿ
2 ನವೆಂಬರ್, ಸೋಮವಾರ ಬೆಳಗ್ಗೆ

ಬಲ್ದೊಮೆರೊ,

ಈ ಕಾಗದ ಅಂಗಡಿಯವನ ಕೈಯಲ್ಲಿ ಕೊಟ್ಟು ಹೋಗ್ತಿದೀನಿ. ನೀನು ಯಾವತ್ತಾದ್ರೂ ಈ ಕಡೆ ತಲೆ ಹಾಕಿದ್ರೆ ಓದ್ಕೊ.

ನಾನು ಬಂದೆ. ಕಣ್ಣು ಬಿಟ್ಟು ಓದು: ಬಂದೆ! ಶನಿವಾರ ಮಧ್ಯಾಹ್ನ ಎರಡು ಗಂಟೆಗೆ, ತೊರ್ಕಾಸಾ ಬೆನ್ನ ಮೇಲೆ, ಕಿವಿ ನೆಟ್ಟಗೆ ಮಾಡ್ಕೊಂಡು, ರೈಲು ಹಳಿ ದಾಟಿ. ಅಂಗಡಿ ಮುಂದೆ ಕೂತಿದ್ದ ಗಂಡಸರೆಲ್ಲ ಎದ್ದು ನಿಂತ್ರು. ಒಬ್ಬ "ಅಜ್ಜಿ, ಬಾಯಲ್ಲಿ ಕಡಿವಾಣನೇ ಇಲ್ವಲ್ಲ!" ಅಂದ. "ನಿನ್ನ ಬಾಯಲ್ಲೂ ಇಲ್ಲ, ಅದಕ್ಕೇ ಇಷ್ಟು ಮಾತಾಡ್ತೀಯ" ಅಂದೆ. ಎಲ್ಲಾ ಬಿದ್ದು ಬಿದ್ದು ನಕ್ರು.

ಆ ಸೇತುವೆ ಕುದುರೆ ನಂದೇ ಕಣೋ. ಮುಳ್ಳುಗಿಡದ ಹೆಂಗಸೂ ನಾನೇ. ಗೆದ್ದ ಮೇಲೆ ಹೇಳೋಕೆ ನಾಚಿಕೆ ಏನು? ನೀನು ಹೇಳಿದ ಹಾಗೆ ಆ ದಡದ ಮರ ನೋಡ್ಕೊಂಡು ಹೋದೆ. ನಡುವೆ ಒಂದು ಹಲಗೆ ಕಿರ್ ಅಂತು, ಆದ್ರೆ ಮರದಿಂದ ಕಣ್ಣು ತೆಗೀಲಿಲ್ಲ. ದಾಟಿದ್ಳು! ಆ ದಡದಲ್ಲಿ ಇಳಿದು ಅವಳ ಕತ್ತು ತಬ್ಬಿಕೊಂಡು ಅತ್ತೆ, ಹುಚ್ಚಿ ಹಾಗೆ.

ಪ್ರಿಂಗ್ಲೆಸ್ ದಾಟಿದ ಮೇಲೆ ಹುಲ್ಲಲ್ಲಿ ಮುಚ್ಚಿಹೋದ ಹಳೇ ತಂತಿ. ಹಿಂಗಾಲಿಗೆ ಎರಡು ಸುತ್ತು ಬಿತ್ತು. ಮುಗೀತು ಅಂದ್ಕೊಂಡೆ. ಅವಳು ಕದಲದೆ ನಿಂತ್ಳು, ಬಾಲ್ದೊ. ನಡುಗ್ತಾ ನಿಂತ್ಳು, ನಾನು ಬಿಡಿಸೋವರೆಗೆ. ಚರ್ಮ ಸ್ವಲ್ಪ ತರಚಿದೆ, ಅಷ್ಟೇ. ಇದು ನಂಬಿಕೆ. ನಿನ್ನ ಯಾವ ಕುದುರೆ ಹಾಗೆ ನಿಂತಿದೆ?

ಶನಿವಾರ ಕಾದೆ. ಭಾನುವಾರ ಚರ್ಚಿನ ಪೂಜೆಗೂ ಹೋಗದೆ ತಾಂದಿಲ್ ರಸ್ತೆ ನೋಡ್ತಾ ಕೂತಿದ್ದೆ. ಧೂಳು ಕಂಡಾಗೆಲ್ಲ ಎದ್ದು ನಿಂತೆ. ಹಾಲಿನ ಗಾಡಿ, ಪಾದ್ರಿಯ ಕಾರು, ಮತ್ತೆ ಹಾಲಿನ ಗಾಡಿ. ನೀನು ಬರಲಿಲ್ಲ. ಮುಖ ತೋರಿಸೋ ಧೈರ್ಯ ಇಲ್ಲ ಅಂತ ಮೊದಲೇ ಬರೆದಿದ್ರೆ ನನ್ನ ಸೊಂಟ ಉಳಿತಿತ್ತು. ಎರಡು ತಿಂಗಳಿಂದ ನನಗೆ ತಮ್ಮ ವಾಪಸ್ ಸಿಕ್ಕಿದ ಅಂದ್ಕೊಂಡಿದ್ದೆ ನೋಡು, ನನ್ನಂಥ ದಡ್ಡಿ ಯಾರು?

ನಾಲ್ಕು, ಐದನೇ ತಾರೀಕು ಪ್ರಿಂಗ್ಲೆಸ್‌ನಲ್ಲಿ ಮೇವಿನಂಗಡಿ ಇರ್ಮಾ ಮನೇಲಿ ಇಳ್ಕೊತೀನಿ, ತೊರ್ಕಾಸಾ ಕಾಲಿಗೆ ಮದ್ದು ಹಾಕಿಸೋಕೆ. ನಿನಗೆ ತಿಳಿಸ್ಬೇಕು ಅಂತೇನಲ್ಲ.

ಗೂಟ ಕಿತ್ತ ದಿನ ಒಂದು ಸಾಲು ಬರಿ.

ಎತೆಲ್ವಿನಾ

⁂

ಲಾಪ್ರಿದಾ, ಅದೇ ಅಂಗಡಿ
4 ನವೆಂಬರ್, ಬೆಳಗ್ಗೆ ಆರು ಗಂಟೆ

ಅಕ್ಕಾ,

ನಿನ್ನೆ ಸಂಜೆ ನಾಲ್ಕು ಗಂಟೆಗೆ ಬಂದೆ. ನಿನಗಿಂತ ಮೂರು ದಿನ ತಡ. ನಿನ್ನ ಕಾಗದವನ್ನು ಅಂಗಡಿಯವನು ಕೊಟ್ಟು, ನನ್ನ ಮುಖ ನೋಡಿ, ಕೇಳದೆಯೇ ಒಂದು ಲೋಟ ತಂದಿಟ್ಟ. ಕುಡಿಯಲಿಲ್ಲ. ಈ ಅಕ್ಷರ ಕುಡಿತದ್ದಲ್ಲ, ಎಡಗೈಯದ್ದು. ಪ್ರಿಂಗ್ಲೆಸ್‌ಗೆ ಏಳೂವರೆಗೆ ಬಸ್ಸಿದೆಯಂತೆ. ಅಷ್ಟರೊಳಗೆ ಎಲ್ಲಾ ಹೇಳಿಬಿಡುತ್ತೇನೆ.

ಸೆಪ್ಟೆಂಬರ್ 15ಕ್ಕೆ ಕಂದು ಕುದುರೆಯನ್ನು ಗೂಟಕ್ಕೆ ಕಟ್ಟಿದೆ. ನಿನ್ನ ಕಾಗದ ಬಂದಿತ್ತಲ್ಲ, "ಕಿವಿ ಗೆದ್ದಿದ್ದೀಯಾ" ಅಂತ. ಆ ಸಿಟ್ಟು ಕೈಯಲ್ಲಿತ್ತು. ಎರಡು ದಿನದ ಕೆಲಸವನ್ನು ಒಂದೇ ಬೆಳಗ್ಗೆ ಮಾಡಹೊರಟೆ. ದವಡೆಗೆ ತೊಗಲಿನ ಪಟ್ಟಿ ಹಾಕಿ ಎಳೆದೆ. ಅದು ಹಿಂದಕ್ಕೆ ಎದ್ದು ನಿಂತು, ಹಾಗೇ ಮಗುಚಿ, ನನ್ನ ಮೇಲೆ ಬಿತ್ತು. ಬಲಗೈ ಎರಡು ಕಡೆ ಮುರಿಯಿತು, ಪಕ್ಕೆಲುಬು ಮೂರು. ಅದರ ಬಾಯಿ ಹರಿಯಿತು. ನಾವಿಬ್ಬರೂ ಪಕ್ಕಪಕ್ಕದಲ್ಲಿ ಬಿದ್ದಿದ್ದೆವು ಅಕ್ಕಾ, ಒಬ್ಬರ ಮುಖಕ್ಕೊಬ್ಬರು. ಅದರ ಕಿವಿ ಯಾವ ಕಡೆ ಇತ್ತು ಅಂತ ಆಗ ಕಂಡೆ: ಹಿಂದಕ್ಕೆ, ನನ್ನಿಂದ ಆಚೆಗೆ. ನಿನಗೆ ಬರೆಯುವ ಮನಸ್ಸಾಗಲಿಲ್ಲ.

ಅಕ್ಟೋಬರ್‌ನಲ್ಲಿ ಮಂಚ ಬಿಟ್ಟೆದ್ದೆ. ಒಂದು ಕೈಯವನು ಹಗ್ಗ ಹೇಗೆ ಎಸೆಯಲಿ? ಮಾಡಲು ಬೇರೇನೂ ಇರಲಿಲ್ಲ, ಬೇಲಿಯೊಳಗೆ ಕುರ್ಚಿ ಹಾಕಿಕೊಂಡು ಕೂತೆ. ನೆಲಿದಾ ಮಾಟೆ ಕಷಾಯ ತಂದುಕೊಡುತ್ತಿದ್ದಳು. "ಯಾರನ್ನು ಕಾಯ್ತಿದೀರಿ?" ಅಂದಳು. "ಯಾರನ್ನೂ ಇಲ್ಲ" ಅಂದೆ. ಹನ್ನೊಂದನೇ ದಿನ ಹಿಂದಿನಿಂದ ಬಂದು ನನ್ನ ಟೋಪಿ ಮೂಸಿತು. ನಲವತ್ತು ವರ್ಷದಲ್ಲಿ ಯಾವ ಕುದುರೆಯೂ ಹಾಗೆ ತಾನಾಗಿ ನನ್ನ ಹತ್ತಿರ ಬಂದಿರಲಿಲ್ಲ. ಒಳಗೆ ಹೋಗಿ ನಿನ್ನ ಆಗಸ್ಟ್ ಕಾಗದ ಹುಡುಕಿದೆ. ನೆಲಿದಾ ಒಲೆಗೆ ಹಾಕಿರಲಿಲ್ಲ, ಪುಣ್ಯ. ಕುರಿತುಪ್ಪಟ, ಹೊಟ್ಟೆ, ತೊಡೆಸಂದು. ನೀನು ಬರೆದ ಹಾಗೇ ಮಾಡಿದೆ, ಎಡಗೈಯಲ್ಲಿ.

ಹತ್ತುವ ಹಾಗಿರಲಿಲ್ಲ, ಕೈಗೆ ಇನ್ನೂ ಪ್ಲಾಸ್ಟರ್ ಇದೆ. ಆದರೆ ಬರುತ್ತೇನೆ ಅಂದಿದ್ದೆ. 26ಕ್ಕೆ ಹೊರಟೆ, ನಡೆದುಕೊಂಡು. ಕಂದು ಕುದುರೆಯ ಹಗ್ಗ ಹೆಗಲ ಮೇಲೆ ಹಾಕಿಕೊಂಡು, ಅದು ಹಿಂದೆ, ನಾನು ಮುಂದೆ. ಐದು ದಿನ ಸಾಕು ಅಂದುಕೊಂಡಿದ್ದೆ, ಪಕ್ಕೆಲುಬು ಒಪ್ಪಲಿಲ್ಲ.

ನಮ್ಮ ಕಡೆ ಗಂಡಸು ಕುದುರೆ ಇಟ್ಟುಕೊಂಡು ನಡೆದರೆ ಏನನ್ನುತ್ತಾರೆ ಗೊತ್ತಲ್ಲ. ಬೆನಿತೊ ಹುವಾರೆಸ್ ಹತ್ತಿರ ನನ್ನ ಹಳೇ ಯಜಮಾನನೊಬ್ಬ ಗಾಡಿ ನಿಲ್ಲಿಸಿದ. "ಏನಯ್ಯಾ ಬಲ್ದೊಮೆರೊ, ಕುದುರೆ ಪಳಗಿಸಿದೆಯೋ, ಕುದುರೆ ನಿನ್ನನ್ನ ಪಳಗಿಸಿತೋ?" ಅಂದ. ಮೊದಲಾಗಿದ್ದರೆ ಅವನ ಹಲ್ಲು ಉದುರಿಸುತ್ತಿದ್ದೆ. "ಇನ್ನೂ ಮಾತುಕತೆ ನಡೀತಿದೆ" ಅಂದು ಮುಂದೆ ಹೋದೆ. ಮಾರನೇ ದಿನ ಹಗ್ಗ ಬಿಚ್ಚಿದೆ. ಅದು ಓಡಲಿಲ್ಲ. ಬಯಲು ತುಂಬಾ ಹುಲ್ಲು, ನಾಲ್ಕು ದಿಕ್ಕೂ ತೆರೆದಿತ್ತು, ಆದರೂ ನನ್ನ ಹಿಂದೆಯೇ ಬಂತು, ನನ್ನ ಬೆನ್ನಿಗೆ ಬಿಸಿ ಉಸಿರು ಬಿಡುತ್ತಾ. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ ಅಕ್ಕಾ, ಪಕ್ಕೆ ನೋಯುವವರೆಗೆ. ಈ ವಯಸ್ಸಿನಲ್ಲಿ ಯಾಕೆ ಇಷ್ಟು ಖುಷಿ ಅಂತ ತಿಳಿಯಲಿಲ್ಲ.

ಆದರೂ ನೀನೇ ಗೆದ್ದೆ ಅಂತ ಬರೆಯಬೇಡ. ತಂತಿ ಸುತ್ತಿದಾಗ ಕದಲದೆ ನಿಂತಳು, ನಂಬಿಕೆಯಿಂದ ಅಂದೆಯಲ್ಲ, ಸುಳ್ಳು. ನಂಬಿಕೆ ಇರುವ ಕುದುರೆಯೂ ಕಾಲು ಸಿಕ್ಕಿದರೆ ಜಗ್ಗುತ್ತೆ. ಹಗ್ಗ ಕಲಿತ ಕುದುರೆ ಮಾತ್ರ ನಿಲ್ಲುತ್ತೆ. ನೀನು ಅವಳನ್ನು ಕಟ್ಟಿದ್ದೀಯ. ಎಷ್ಟು ದಿನ ಕಟ್ಟಿದೆ, ನಿಜ ಹೇಳು.

ಇನ್ನೊಂದು ಇದೆ. ಹನ್ನೊಂದು ವರ್ಷದಿಂದ ಯಾರಿಗೂ ಹೇಳಿಲ್ಲ. ಆ ಕರಿಯ ಕುದುರೆ. ನೀನು ಹಗ್ಗ ಕೊಯ್ಯುವ ಹೊತ್ತಿಗೆ ಅದರ ಕತ್ತು ಬಿಗಿದು ನಾಲಿಗೆ ನೀಲಿಯಾಗಿತ್ತು. ಸಂಜೆಯವರೆಗೆ ಉಳಿಯುತ್ತಿರಲಿಲ್ಲ. ನನಗೆ ಅದು ಕಂಡಿತ್ತು. ಮೂರು ಜನ ಯಜಮಾನರು ನೋಡುತ್ತಿದ್ದರು, ಅದಕ್ಕೆ ಬಿಚ್ಚಲಿಲ್ಲ. ನೀನು ಅವಮಾನ ಮಾಡಿದೆ ಅಂತ ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದೆ. ನೀನು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಅಷ್ಟು ಉರಿ.

ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಈ ಕಾಗದ ಇರ್ಮಾ ಅಂಗಡಿಗೆ ಕೊಡು ಅಂತ ಅವನಿಗೆ ಹೇಳುತ್ತೇನೆ. ನಾನೂ ಇವತ್ತೇ ನಿನ್ನ ಹಿಂದೆ ಹೊರಡುತ್ತೇನೆ.

ಬಾಲ್ದೊ

⁂

ಪ್ರಿಂಗ್ಲೆಸ್, ಇರ್ಮಾ ಮೇವಿನಂಗಡಿ
5 ನವೆಂಬರ್, ಬೆಳಗ್ಗೆ ಏಳು ಗಂಟೆ

ಬಾಲ್ದೊ! ಲೋ ಬಾಲ್ದೊ!

ನಡೆದುಕೊಂಡು? ತಾಂದಿಲ್‌ನಿಂದ? ಮುರಿದ ಪಕ್ಕೆಲುಬು ಇಟ್ಕೊಂಡು? ನಿನ್ನೆ ಸಂಜೆ ಇಲ್ಲಿಗೆ ಬಂದ ಮೇಲೆ ನಿನ್ನ ಕಾಗದ ಮೂರು ಸಲ ಓದಿದೆ. ಇರ್ಮಾ ಒಂದು ಸಲ ಗಟ್ಟಿಯಾಗಿ ಓದಿದ್ಳು, ಮೇವು ಕೊಳ್ಳೋಕೆ ಬಂದಿದ್ದ ಇಬ್ಬರು ಮೂಟೆ ಮೇಲೆ ಕೂತು ಕೇಳಿದ್ರು. ಒಬ್ಬ ಮೂಗು ಸೀಟ್ಕೊಂಡ.

ಈಗ ನಿನ್ನ ದಾರಿಯಲ್ಲೇ ಹಾಲಿನ ಗಾಡಿ ಹೊರಟಿದೆ. ಓಡಿಸೋನಿಗೆ ಹೇಳಿದೀನಿ: "ಕೈಗೆ ಪ್ಲಾಸ್ಟರ್ ಹಾಕಿದ ಒಬ್ಬ ಮುದುಕ, ಹಿಂದೆ ಒಂದು ಕಂದು ಕುದುರೆ. ಸಿಕ್ಕಿದ ಕಡೆ ಕೊಡು." ಅವನು "ಗುರುತು ಹಿಡಿಯೋದು ಹೇಗೆ?" ಅಂದ. "ಕುದುರೆ ಇಟ್ಕೊಂಡು ನಡೆಯೋ ಗಂಡಸು ಈ ಸೀಮೆಯಲ್ಲಿ ಇನ್ನೊಬ್ಬ ಇದಾನೇನೋ?" ಅಂದೆ.

ಒಂಬತ್ತು ದಿನ ಕಟ್ಟಿದ್ದೆ. ಆಯ್ತಾ? ನಮ್ಮ ಅಂಗಳದಲ್ಲೇ, ದಿನಕ್ಕೊಂದು ಗಂಟೆ. ಕಯುಪಾನ್ ಅಜ್ಜ ನೋಡಿ ಬೈತಾನೆ ಅಂದ್ಕೊಂಡಿದ್ದೆ. "ನಮ್ಮಪ್ಪನೂ ಕಟ್ತಿದ್ದ, ಪಕ್ಕದಲ್ಲೇ ಕೂತಿರ್ತಿದ್ದ" ಅಂದ. ಮೊದಲೇ ಹೇಳೋಕೆ ಏನಾಗಿತ್ತು ಆ ಮುದುಕನಿಗೆ?

ನಂದೂ ಒಂದು ಕೇಳು, ಸಿಟ್ಟು ಮಾಡ್ಕೊಬೇಡ. ಆವತ್ತು ನಾನು ಹಗ್ಗ ಕೊಯ್ದಿದ್ದು ಕುದುರೆ ಮೇಲಿನ ಕನಿಕರಕ್ಕೆ ಅಂತ ಎಲ್ಲರೂ ಅಂದ್ಕೊಂಡ್ರು, ನಾನೂ ಹಾಗೇ ಹೇಳ್ಕೊಂಡು ತಿರುಗಿದೆ. ಅದರ ನಾಲಿಗೆ ನಾನು ನೋಡಿರಲೇ ಇಲ್ಲ ಬಾಲ್ದೊ. ನಾನು ನೋಡ್ತಿದ್ದದ್ದು ನಿನ್ನನ್ನ. ಬೇಲಿ ಒಳಗೆ ನೀನು, ಹೊರಗೆ ನಾನು. ಯಜಮಾನರೆಲ್ಲ ನಿನಗೆ ಟೋಪಿ ಎತ್ತೋರು. ಹೊಟ್ಟೆಕಿಚ್ಚಿಗೆ ಚಾಕು ಎತ್ತಿದೆ. ಕುದುರೆ ಉಳೀತು ಅಂದ್ರೆ ಅದರ ಪುಣ್ಯ. ತಪ್ಪಾಯ್ತು ಕಣೋ. ಬೇಕಾದ್ರೆ ಆ ಮೂವರ ಎದುರಿಗೂ ಬಂದು ಹೇಳ್ತೀನಿ.

ಯಾರ ದಾರಿ ಸರಿ ಅನ್ನೋ ಜಗಳ ಮುಗೀಲಿಲ್ಲ, ತಿಳ್ಕೊ. ಸೇತುವೆ ವಿಷಯದಲ್ಲಿ ನೀನು ಅರ್ಧ ಸರಿ, ಇನ್ನರ್ಧಕ್ಕೆ ನನ್ನ ಹತ್ತಿರ ಉತ್ತರ ಇದೆ. ಎದುರಿಗೆ ಸಿಕ್ಕು, ಹೇಳ್ತೀನಿ.

ನೀನು ನಿಂತಲ್ಲೇ ನಿಲ್ಲು. ಒಂದು ಹೆಜ್ಜೆ ಮುಂದೆ ಇಡಬೇಡ, ಇದು ನಿನ್ನಕ್ಕನ ಆಜ್ಞೆ. ಯಾವುದಾದ್ರೂ ನೆರಳು ಹುಡುಕಿ ಕೂತ್ಕೊ. ತೊರ್ಕಾಸಾ ಕಾಲು ವಾಸಿಯಾಗಿದೆ, ಬಾಗಿಲಲ್ಲಿ ನಿಂತು ನೆಲ ಕೆರೀತಿದಾಳೆ. ಸಂಜೆಯೊಳಗೆ ನಿನ್ನ ಮುಂದಿರ್ತೀನಿ. ಅಲ್ಲಿಂದ ನೀನು ಅವಳ ಮೇಲೆ ಹತ್ತು, ನಾನು ಕಂದು ಕುದುರೆ ಜೊತೆ ನಡೀತೀನಿ. ನನ್ನ ಬಿಟ್ಟು ಬೇರೆಯವರ ಮಾತು ಕೇಳ್ತಾಳಾ ಅಂತ ಕೇಳಿದ್ದೆಯಲ್ಲ, ನನಗೂ ಗೊತ್ತಿಲ್ಲ, ನೋಡೇಬಿಡೋಣ. ಎಡಗೈ ಒಂದೇ ಸಾಕು, ಬಾಯಲ್ಲಿ ಕಬ್ಬಿಣ ಇಲ್ಲ. ಆದ್ರೆ ಹತ್ತೋ ಮೊದಲು ಅವಳಿಗೆ ನಿನ್ನ ಕೈ ಮೂಸೋಕೆ ಬಿಡು. ಅವಸರ ಮಾಡಬೇಡ. ನನಗೆ ಇನ್ನೊಬ್ಬ ತಮ್ಮ ಇಲ್ಲ.

ಎತೆಲ್ವಿನಾ